ಮೇಲಿನ ಗಡಿಯಾರ, ಕೆಳಗಿನ ಗಡಿಯಾರ

ನಮ್ಮ ಮನೆಯಲ್ಲಿ ಮೂರು ಗಡಿಯಾರಗಳಿವೆ. ಅಡುಗೆಮನೆಯದು ಐದು ನಿಮಿಷ ಮುಂದೆ. ಬಸ್ಸು ತಪ್ಪಬಾರದೆಂದು ನಾನೇ ಹಾಗೆ ಇಟ್ಟಿದ್ದೇನೆ. ಪಡಸಾಲೆಯದು ಮೂರು ನಿಮಿಷ ಹಿಂದೆ. ಎಷ್ಟು ಸಲ ಸರಿಮಾಡಿದರೂ ವಾರದಲ್ಲಿ ಮತ್ತೆ ಅಲ್ಲಿಗೇ ಬಂದು ನಿಲ್ಲುವುದು ಅದರ ಸ್ವಭಾವ. ಮೂರನೆಯದು ಅಪ್ಪನ ಕೈಗಡಿಯಾರ, ದಿನಾ ಬೆಳಿಗ್ಗೆ ಕೀಲಿ ಕೊಡುವ ಹಳೆಯ ಕಾಲದ್ದು. "ಹೊತ್ತು ಅಂದ್ರ ಇದು. ಉಳಿದವು ಬರೇ ಗ್ವಾಡಿಗೆ ಚಂದ" ಎಂದು ಅಪ್ಪನ ಮಾತು. ಮನೆಗೆ ಬಂದವರು ಗಂಟೆ ಎಷ್ಟು ಎಂದು ಕೇಳಿದರೆ ನಾವು ಮೂವರೂ ಒಟ್ಟಿಗೆ ಬಾಯಿ ತೆರೆಯುತ್ತೇವೆ, ಮೂರು ಉತ್ತರ ಹೊರಬೀಳುತ್ತವೆ.

ಇವು ಕೆಟ್ಟ ಗಡಿಯಾರಗಳು, ಬಿಡಿ. ಜಗತ್ತಿನ ಅತ್ಯುತ್ತಮ ಗಡಿಯಾರ ಎರಡನ್ನು ತಂದು, ಒಂದನ್ನು ನೆಲದ ಮೇಲೂ ಇನ್ನೊಂದನ್ನು ಮಾಳಿಗೆಯ ಮೇಲೂ ಇಟ್ಟರೆ? ಆಗಲೂ ಅವು ಒಂದೇ ಹೊತ್ತು ತೋರಿಸುವುದಿಲ್ಲ. ಮೇಲಿನದು ತುಸು ಬೇಗ ಓಡುತ್ತದೆ. ಯಾವುದೂ ಕೆಟ್ಟಿರುವುದಿಲ್ಲ, ಎರಡೂ ಸರಿಯೇ. ಭೂಮಿಗೆ ಹತ್ತಿರವಾದಷ್ಟೂ, ಅಂದರೆ ಗುರುತ್ವದ ಬಾವಿಯಲ್ಲಿ ಕೆಳಕ್ಕೆ ಇಳಿದಷ್ಟೂ, ಹೊತ್ತು ನಿಧಾನವಾಗಿ ಸಾಗುತ್ತದೆ.

ನಾನು ಬಾದಾಮಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂದು ದಿನ ಹತ್ತನೆಯ ತರಗತಿಯಲ್ಲಿ ಪಾಠ ಮುಗಿದು ಹತ್ತು ನಿಮಿಷ ಉಳಿದಿತ್ತು. ಮೊಬೈಲಿಗೆ ದಾರಿ ಹೇಗೆ ಗೊತ್ತಾಗುತ್ತದೆ ಎಂದು ಯಾರೋ ಕೇಳಿದರು. ಉಪಗ್ರಹಗಳ ಮಾತು ಬಂತು, ಅವುಗಳ ಒಳಗಿನ ಗಡಿಯಾರದ ಮಾತು ಬಂತು, ಎತ್ತರಕ್ಕೆ ಹೋದರೆ ಗಡಿಯಾರ ಬೇಗ ಓಡುತ್ತದೆ ಎಂದು ಹೇಳಿದೆ. ಎಲ್ಲರೂ ಬರೆದುಕೊಂಡರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಪೆನ್ನು ಕೆಳಗಿಟ್ಟು ಎದ್ದು ನಿಂತಳು.

"ಅಕ್ಕೋರ, ಇದನ್ನ ನೀವು ನೋಡೀರೇನ್ರಿ?"

"ಇಲ್ಲವ್ವ. ವಿಜ್ಞಾನಿಗಳು ಅಳೆದು ನೋಡಿದ್ದಾರೆ."

"ಅವರು ಅಳದಿದ್ದು ಖರೇ ಅಂತ ಹ್ಯಾಂಗ ಗೊತ್ತರಿ?"

ತರಗತಿ ನಕ್ಕಿತು. ಅಷ್ಟರಲ್ಲಿ ಗಂಟೆ ಬಾರಿಸಿತು. ಸ್ಟಾಫ್ ರೂಮಿಗೆ ಬಂದು ಹೇಳಿದಾಗ, "ಆಕಿದು ಬಾಯಿ ಬಾಳ ಜೋರು. ಹಿಂಗ ಕೇಳಕೋತ ಕುಂತ್ರ ಪೋರ್ಶನ್ ಯಾವಾಗ ಮುಗೀಬೇಕು?" ಎಂದು ಹಿರಿಯರೊಬ್ಬರು ಅಂದರು. ಆ ಹುಡುಗಿಯ ತಾಯಿ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಮಾರುವವರು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಮಗಳೂ ಬುಟ್ಟಿ ಹೊರಬೇಕೋ, ಕಾಲೇಜಿಗೆ ಹೋಗಬೇಕೋ ಎಂದು ಮನೆಯಲ್ಲಿ ಮಾತು ನಡೆದಿರುವುದು ನನಗೆ ಗೊತ್ತಿತ್ತು. ಶಾಲೆಯಲ್ಲಿ 'ಬಾಯಿ ಜೋರು' ಅನ್ನಿಸಿಕೊಂಡ ಹುಡುಗಿಗೆ ಆ ಮಾತಿನಲ್ಲಿ ಯಾವ ಕಡೆ ತೂಕ ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಹೇಳಿದೆ ಎಂದು ನಂಬುವುದಾದರೆ ಅದು ವಿಜ್ಞಾನ ಹೇಗಾಗುತ್ತದೆ? ಯಾರು ಅಳೆದರು, ಯಾವುದರಿಂದ ಅಳೆದರು, ಅವರಿಗೆ ಅವರ ಅಳತೆಯ ಮೇಲೆ ನಂಬಿಕೆ ಬಂದದ್ದು ಹೇಗೆ ಎಂದು ಹೇಳುವುದು ನನ್ನ ಕೆಲಸ. ಮರುದಿನದಿಂದ ಓದಲು ಕುಳಿತೆ.

ಮೊದಲು ಅರ್ಥಮಾಡಿಸಬೇಕಾದದ್ದು 'ಆವೃತ್ತಿ' ಎಂಬ ಮಾತು. ಅದಕ್ಕೆ ನನಗೆ ನೆರವಾದವರು ಅಪ್ಪ. ಅಪ್ಪ ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದವರು. ಕಣ್ಣು ಮಂಜಾದ ಮೇಲೆ ಮಗ್ಗ ಬಿಟ್ಟು ನಮ್ಮೊಂದಿಗೆ ಬಾದಾಮಿಗೆ ಬಂದರು. ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದುದೇ ಮಗ್ಗದ ಸದ್ದಿನಿಂದ. ನಿಮಿಷಕ್ಕೆ ಎಷ್ಟು ಸಲ ಲಾಳಿ ಓಡಿತು, ಎಷ್ಟು ಸಲ 'ಖಟ್' ಎಂದಿತು ಎನ್ನುವುದೇ ಮಗ್ಗದ ಆವೃತ್ತಿ. ಬೆಳಕೂ ಹಾಗೆಯೇ ಮಿಡಿಯುತ್ತದೆ. ಒಂದು ಸೆಕೆಂಡಿನಲ್ಲಿ ಅದರ ಎಷ್ಟು ಅಲೆ ನಮ್ಮನ್ನು ದಾಟಿ ಹೋಗುತ್ತವೆಯೋ ಅದು ಬೆಳಕಿನ ಆವೃತ್ತಿ. ಕೆಂಪು ಬೆಳಕಿನದು ಕಡಿಮೆ, ನೀಲಿಯದು ಹೆಚ್ಚು. ಕಣ್ಣಿಗೆ ಕಾಣದ ಕ್ಷ-ಕಿರಣ, ಗಾಮಾ ಕಿರಣಗಳದು ಇನ್ನೂ ಎಷ್ಟೋ ಪಟ್ಟು ಹೆಚ್ಚು.

ಈಗ ಅಪ್ಪ ಕೆಳಗೆ ಕುಣಿಮಗ್ಗದಲ್ಲಿ ಕುಳಿತು ತಮ್ಮ ಗಡಿಯಾರ ನೋಡಿಕೊಂಡು ನಿಮಿಷಕ್ಕೆ ಸರಿಯಾಗಿ 60 ಸಲ 'ಖಟ್' ಅನ್ನಿಸುತ್ತಿದ್ದಾರೆ ಎನ್ನಿ. ನಾನು ಮಾಳಿಗೆಯ ಮೇಲೆ ನನ್ನ ಗಡಿಯಾರ ಹಿಡಿದು ಎಣಿಸುತ್ತಿದ್ದೇನೆ. ಸದ್ದು ದಾರಿಯಲ್ಲಿ ಕಳೆದುಹೋಗುವುದಿಲ್ಲ. ಅಪ್ಪ ಸಾವಿರ ಸಲ ಹೊಡೆದರೆ ನನಗೂ ಸಾವಿರವೇ ಕೇಳಬೇಕು. ಹಾಗಿದ್ದೂ ನನ್ನ ಎಣಿಕೆಗೆ ನಿಮಿಷಕ್ಕೆ 60ಕ್ಕಿಂತ ಕಡಿಮೆ ಬಂದರೆ ಏನರ್ಥ? ನನ್ನ ನಿಮಿಷ ಅಪ್ಪನ ನಿಮಿಷಕ್ಕಿಂತ ಬೇಗ ಮುಗಿಯುತ್ತಿದೆ ಎಂದರ್ಥ. ಬೆಳಕಿನ ಕತೆಯೂ ಇದೇ. ಕೆಳಗಿನಿಂದ ಮೇಲಕ್ಕೆ ಬಂದ ಬೆಳಕಿನ ಆವೃತ್ತಿ ಕಡಿಮೆಯಾಗಿ, ಅಂದರೆ ಕೆಂಪಿನ ಕಡೆಗೆ ಸರಿದು ಕಾಣುತ್ತದೆ. ಮೇಲಿನಿಂದ ಕೆಳಕ್ಕೆ ಇಳಿದ ಬೆಳಕಿನದು ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಬೆಳಕಿನ ಆವೃತ್ತಿ ಎಷ್ಟು ಬದಲಾಯಿತು ಎಂದು ಅಳೆದರೆ ಎರಡು ಎತ್ತರಗಳ ಹೊತ್ತನ್ನು ಹೋಲಿಸಿದ ಹಾಗೆಯೇ.

ಐನ್‌ಸ್ಟೈನ್ ಈ ಯೋಚನೆ ಮಾಡಿದ್ದು 1907ರಲ್ಲಿ. 1911ರಲ್ಲಿ ಅವರು ಸೂರ್ಯನ ಲೆಕ್ಕ ಹಾಕಿದರು. ಸೂರ್ಯನ ಮೈಯಿಂದ ಹೊರಟು ಭೂಮಿಗೆ ಬರುವ ಬೆಳಕಿನ ಆವೃತ್ತಿ ಹತ್ತು ಲಕ್ಷಕ್ಕೆ ಎರಡು ಪಾಲು ಕಡಿಮೆಯಾಗಿರಬೇಕು. ಇದನ್ನು ಅಳೆಯಲು ಹೊರಟವರಲ್ಲಿ ನಮ್ಮ ದಕ್ಷಿಣದ ಬೆಟ್ಟದ ಮೇಲೆ ಕುಳಿತಿದ್ದ ಒಬ್ಬರಿದ್ದರು, ಕೊಡೈಕನಾಲ್ ವೀಕ್ಷಣಾಲಯದ ಜಾನ್ ಎವರ್‌ಶೆಡ್. ಆ ವೀಕ್ಷಣಾಲಯವನ್ನು ಈಗ ನೋಡಿಕೊಳ್ಳುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. 1907ರಲ್ಲಿ ಅಲ್ಲಿಗೆ ಬಂದ ಎವರ್‌ಶೆಡ್ 1923ರಲ್ಲಿ ನಿವೃತ್ತರಾಗುವವರೆಗೂ ಸೂರ್ಯನ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಅದರಲ್ಲಿ ಕಾಣುವ ಸಣ್ಣ ಕಪ್ಪು ಗೆರೆಗಳ ಜಾಗವನ್ನು ಅಳೆಯುತ್ತಲೇ ಇದ್ದರು.

ಗೆರೆಗಳೇನೋ ಕೆಂಪಿನ ಕಡೆಗೆ ಸರಿದಿದ್ದವು. ಆದರೆ ಸೂರ್ಯನ ನಡುಭಾಗದಲ್ಲಿ ಒಂದು ಬಗೆ, ಅಂಚಿನಲ್ಲಿ ಇನ್ನೊಂದು ಬಗೆ! ಸೂರ್ಯನ ಮೈ ಕುದಿಯುವ ಅನ್ನದ ಹಾಗೆ. ಬಿಸಿ ಅನಿಲ ಮೇಲೇಳುತ್ತದೆ, ತಣಿದದ್ದು ಕೆಳಗಿಳಿಯುತ್ತದೆ. ನಮ್ಮ ಕಡೆಗೆ ಬರುವ ಅನಿಲದ ಬೆಳಕು ನೀಲಿಯ ಕಡೆಗೂ ದೂರ ಸರಿಯುವುದರ ಬೆಳಕು ಕೆಂಪಿನ ಕಡೆಗೂ ಜಾರುತ್ತದೆ. ಗೇಟ್ ಹಾಕಿದಾಗ ನಿಂತು ಕೇಳಿ. ಹತ್ತಿರ ಬರುವ ರೈಲಿನ ಹಾರ್ನು ತೀಕ್ಷ್ಣ, ದಾಟಿ ಹೋದ ಕೂಡಲೇ ಬೋರಲು. ಇದೂ ಅದೇ. ಈ ಗದ್ದಲದಲ್ಲಿ ಗುರುತ್ವದ ಪಾಲು ಎಷ್ಟು ಎಂದು ಬೇರೆ ಮಾಡುವುದು ಬಹಳ ಕಷ್ಟ. ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ ಚಾರ್ಲ್ಸ್ ಸೇಂಟ್ ಜಾನ್ 1917ರಲ್ಲಿ ಐನ್‌ಸ್ಟೈನ್ ಹೇಳಿದ ಸರಿತ ತಮಗೆ ಸಿಗಲಿಲ್ಲ ಎಂದರು. ಮತ್ತೆ ಆರು ವರ್ಷ ಅಳೆದು, 1923ರಲ್ಲಿ ಇದೆ ಎಂದು ಒಪ್ಪಿಕೊಂಡರು. ನನ್ನ ತರಗತಿಯ ಹುಡುಗಿಗೆ ಇದನ್ನು ಹೇಳಿದಾಗ ಅವಳ ಮುಖ ಅರಳಿತು. "ಅಂದ್ರ ಅವರಿಗೂ ನಂಬಿಕಿ ಬಂದಿದ್ದಿಲ್ಲಲ್ರಿ!"

ಕುದಿಯುವ ಸೂರ್ಯನ ಗೊಡವೆ ಬೇಡ, ಭೂಮಿಯ ಮೇಲೆಯೇ, ಒಂದು ಕಟ್ಟಡದ ಒಳಗೇ ಅಳೆಯಬಹುದೇ? ಇಲ್ಲಿ ತೊಂದರೆ ಬೇರೆ. ಭೂಮಿಯ ಗುರುತ್ವ ಸಣ್ಣದು, ಕಟ್ಟಡದ ಎತ್ತರ ಇನ್ನೂ ಸಣ್ಣದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಜೆಫರ್ಸನ್ ಪ್ರಯೋಗಾಲಯದಲ್ಲಿ ಒಂದು ಗೋಪುರವಿದೆ. ಅಲ್ಲಿ ಬಳಸಿಕೊಂಡ ಎತ್ತರ 22.5 ಮೀಟರ್. ನಮ್ಮೂರ ಬಂಡೆಯ ನೆತ್ತಿ ಅದಕ್ಕಿಂತ ಎಷ್ಟೋ ಎತ್ತರ. 22.5 ಮೀಟರಿನಲ್ಲಿ ಆವೃತ್ತಿ ಬದಲಾಗುವುದು ಹತ್ತು ಕೋಟಿ ಕೋಟಿಗೆ ಎರಡೂವರೆ ಪಾಲು. ಸೂರ್ಯನದು ಹತ್ತು ಲಕ್ಷಕ್ಕೆ ಎರಡು, ಇದು ಹತ್ತು ಕೋಟಿ ಕೋಟಿಗೆ ಎರಡೂವರೆ!

ಇಷ್ಟು ಸೂಕ್ಷ್ಮವನ್ನು ತೋರಿಸಬಲ್ಲ ಅಳತೆಗೋಲು ಸಿಕ್ಕಿದ್ದು 1958ರಲ್ಲಿ. ಕೆಲವು ಪರಮಾಣುಗಳ ಬೀಜ ಗಾಮಾ ಕಿರಣ ಹೊರಹಾಕುತ್ತದೆ. ಹರಿಗೋಲಿನಿಂದ ನೀರಿಗೆ ಹಾರಿ ನೋಡಿ, ಹರಿಗೋಲು ಹಿಂದಕ್ಕೆ ಜಾರುತ್ತದೆ, ನಿಮ್ಮ ಜಿಗಿತ ಕುಗ್ಗುತ್ತದೆ. ಅಗಸ್ತ್ಯತೀರ್ಥದ ಕಲ್ಲಿನ ಮೆಟ್ಟಿಲಿನಿಂದ ಹಾರಿದರೆ ಮೆಟ್ಟಿಲು ಜಾರುವುದಿಲ್ಲ. ಬಿಡಿ ಪರಮಾಣು ಹರಿಗೋಲಿನ ಹಾಗೆ ಹಿಂದಕ್ಕೆ ಒದೆಸಿಕೊಳ್ಳುತ್ತದೆ. ಘನವಸ್ತುವಿನಲ್ಲಿ ಬಿಗಿಯಾಗಿ ಕೂತ ಪರಮಾಣು ಮೆಟ್ಟಿಲಿನ ಹಾಗೆ ನಿಲ್ಲಬಲ್ಲದು. ಆಗ ಹೊರಬರುವ ಕಿರಣದ ಆವೃತ್ತಿ ಅತಿ ನಿಖರ. ಜರ್ಮನಿಯ ಯುವ ವಿಜ್ಞಾನಿ ರುಡಾಲ್ಫ್ ಮೋಸ್‌ಬೌವರ್ ಇದನ್ನು ಕಂಡುಹಿಡಿದು 1961ರಲ್ಲಿ ನೊಬೆಲ್ ಪಡೆದರು.

ಹಾರ್ವರ್ಡ್‌ನ ರಾಬರ್ಟ್ ಪೌಂಡ್ ಮತ್ತು ಅವರ ವಿದ್ಯಾರ್ಥಿ ಗ್ಲೆನ್ ರೆಬ್ಕಾ ಇದನ್ನು ಹಿಡಿದುಕೊಂಡರು. ಪೌಂಡ್ ಅಲ್ಲಿ ಪ್ರಾಧ್ಯಾಪಕರು, ಆದರೆ ಅವರು ಪಿಎಚ್.ಡಿ. ಮಾಡಿದವರಲ್ಲ. ಗಾಮಾ ಕಿರಣ ಹೊರಹಾಕುವ ಕಬ್ಬಿಣ-57 ಒಂದು ತುದಿಯಲ್ಲಿ, ಅದನ್ನು ಹೀರಿಕೊಳ್ಳುವ ಅದೇ ಕಬ್ಬಿಣದ ತೆಳು ಹಾಳೆ ಇನ್ನೊಂದು ತುದಿಯಲ್ಲಿ. ನಡುವೆ ಗಾಳಿ ಕಿರಣವನ್ನು ನುಂಗದಂತೆ ಹೀಲಿಯಂ ತುಂಬಿದ ಉದ್ದನೆಯ ಪ್ಲಾಸ್ಟಿಕ್ ಚೀಲ. ಆ ಕಿರಣ ಸೆಕೆಂಡಿಗೆ 35ರ ಮುಂದೆ 17 ಸೊನ್ನೆ ಇಟ್ಟಷ್ಟು ಸಲ ಮಿಡಿಯುತ್ತದೆ. ಗೋಪುರದ ಮೇಲಿನಿಂದ ಕೆಳಗಿಳಿದಾಗ ಅದಕ್ಕೆ ಕೂಡುವುದು ಸುಮಾರು 8,600 ಮಿಡಿತ ಮಾತ್ರ. ಆದರೆ ಕೆಳಗಿನ ಕಬ್ಬಿಣ ಬಹಳ ಹಟಮಾರಿ. ತನ್ನದೇ ಆವೃತ್ತಿಯ ಕಿರಣವನ್ನು ಚೆನ್ನಾಗಿ ಹೀರುತ್ತದೆ, ಸ್ವಲ್ಪ ಹೆಚ್ಚುಕಡಿಮೆಯಾದರೂ ಹೀರುವುದು ಕುಗ್ಗುತ್ತದೆ. ಆಗ ಮೂಲವನ್ನು ಮೆಲ್ಲಗೆ ಸರಿಸಬೇಕು. ದೂರ ಸರಿಯುವ ರೈಲಿನ ಹಾರ್ನು ಬೋರಲಾಗುವ ಹಾಗೆ ಕಿರಣದ ಆವೃತ್ತಿಯೂ ಇಳಿದು, ಎರಡೂ ಮತ್ತೆ ಹೊಂದಿಕೊಳ್ಳುತ್ತವೆ. ಹೊಂದಿಸಲು ಎಷ್ಟು ವೇಗ ಬೇಕಾಯಿತೋ ಅದರಿಂದ ಗುರುತ್ವ ಮಾಡಿದ ಬದಲಾವಣೆ ಎಷ್ಟು ಎಂದು ತಿಳಿಯುತ್ತದೆ. ಆ ವೇಗ ಎಷ್ಟು ಗೊತ್ತೇ? ಗಂಟೆಗೆ ಮೂರು ಮಿಲಿಮೀಟರಿಗೂ ಕಡಿಮೆ. ಬಸವನಹುಳು ಇದರ ಮುಂದೆ ಕುದುರೆ.

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರವಾಗುವುದಿಲ್ಲ. "ಬೇರೆ ಯಾವುದೋ ಕಾರಣಕ್ಕೆ ಆವೃತ್ತಿ ಬದಲಾಗಿದ್ರ?" ಎಂದು ಅವಳು ಕೇಳದೆ ಬಿಡುವವಳಲ್ಲ. ಇಂಗ್ಲೆಂಡಿನಲ್ಲೂ ಒಬ್ಬ ವಿದ್ಯಾರ್ಥಿ ಹಾಗೇ ಕೇಳಿದ್ದ. 1960ರಲ್ಲಿ ಕೇಂಬ್ರಿಜ್‌ನಲ್ಲಿ ಓದುತ್ತಿದ್ದ, ಇಪ್ಪತ್ತು ವರ್ಷದ ಬ್ರಯನ್ ಜೋಸೆಫ್ಸನ್. ಮೇಲಿನ ಕಬ್ಬಿಣಕ್ಕೂ ಕೆಳಗಿನ ಕಬ್ಬಿಣಕ್ಕೂ ಉಷ್ಣತೆಯಲ್ಲಿ ವ್ಯತ್ಯಾಸವಿದ್ದರೆ ಅದರಿಂದಲೂ ಆವೃತ್ತಿ ಬದಲಾಗುತ್ತದೆ ಎಂದು ಅವನು ತೋರಿಸಿದ. ಬಿಸಿಯಾದ ಪರಮಾಣು ಹೆಚ್ಚು ಜೋರಾಗಿ ನಡುಗುತ್ತದೆ, ಆ ನಡುಗುವಿಕೆಯೇ ಅದರ ಹೊತ್ತನ್ನು ನಿಧಾನ ಮಾಡುತ್ತದೆ. ಬರೀ ಒಂದು ಡಿಗ್ರಿ ವ್ಯತ್ಯಾಸ ಸಾಕು, 22.5 ಮೀಟರಿನ ಗುರುತ್ವ ಮಾಡುವಷ್ಟೇ ಕೆಲಸವನ್ನು ಅದು ಮಾಡಿಬಿಡುತ್ತದೆ! ಪೌಂಡ್ ಮತ್ತು ರೆಬ್ಕಾ ಅವರಿಗೂ ಇದು ಹೊಳೆದಿತ್ತು. ಎರಡೂ ತುದಿಯ ಉಷ್ಣತೆಯನ್ನು ಅಳೆದು ಆ ಪಾಲನ್ನು ಕಳೆದರು. ಮುಂದೆ ಆ ಹುಡುಗ ಬೇರೊಂದು ಸಂಶೋಧನೆಗಾಗಿ 1973ರಲ್ಲಿ ನೊಬೆಲ್ ಪಡೆದ. ಅವನಿಗೆ ಯಾರಾದರೂ 'ಬಾಯಿ ಜೋರು' ಎಂದಿದ್ದರೋ ಏನೋ.

ಅವರು ಮಾಡಿದ ಇನ್ನೊಂದು ಕೆಲಸ ಅಪ್ಪನಿಗೆ ಬಹಳ ಹಿಡಿಸಿತು. ಕಿರಣವನ್ನು ಮೇಲಿನಿಂದ ಕೆಳಗೆ ಬಿಟ್ಟು ಅಳೆದರು. ಆಮೇಲೆ ಮೂಲವನ್ನು ಕೆಳಗೂ ಹೀರುವ ಹಾಳೆಯನ್ನು ಮೇಲೂ ಇಟ್ಟು ಮತ್ತೆ ಅಳೆದರು. ಎರಡು ತುಂಡು ಕಬ್ಬಿಣದಲ್ಲೇ ಏನಾದರೂ ವ್ಯತ್ಯಾಸವಿದ್ದರೆ ಅದು ಎರಡೂ ಸಲ ಒಂದೇ ರೀತಿ ಬರುತ್ತದೆ. ಗುರುತ್ವದ ಪಾಲು ಮಾತ್ರ ಒಮ್ಮೆ ಹೆಚ್ಚಾಗಿ, ಒಮ್ಮೆ ಕಡಿಮೆಯಾಗಿ ಬರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಕಬ್ಬಿಣದ ದೋಷ ಬಿದ್ದುಹೋಗಿ ಗುರುತ್ವ ಮಾತ್ರ ಉಳಿಯುತ್ತದೆ. ಇದನ್ನು ಹೇಳಿದಾಗ ಅಪ್ಪ ಮಂಚದ ಮೇಲೆ ಎದ್ದು ಕೂತರು.

"ಅದರಾಗೇನೈತಿ ಯವ್ವಾ? ತಕ್ಕಡಿ ಪರೀಕ್ಷಾ ಮಾಡೂದು ಹಂಗ. ನೂಲು ಕೊಡಾವ್ನ ತಕ್ಕಡಿ ಮ್ಯಾಲ ಸಂಶೇ ಬಂತಂದ್ರ, ನೂಲು ಇದ್ದ ಕಡೆ ಕಲ್ಲು ಇಡು, ಕಲ್ಲಿದ್ದ ಕಡೆ ನೂಲು ಇಡು. ಮೋಸ ಇದ್ರ ತಾನಾ ಹೊರಗ ಬರತೈತಿ."

ಹಾರ್ವರ್ಡ್‌ನ ಗೋಪುರದ ಯುಕ್ತಿ ಗುಳೇದಗುಡ್ಡದ ನೇಕಾರರ ಓಣಿಯಲ್ಲೂ ಇತ್ತು ಎಂದು ನನಗೆ ಆವತ್ತು ಗೊತ್ತಾಯಿತು.

1960ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡೂ ದಿಕ್ಕು ಸೇರಿ ಐನ್‌ಸ್ಟೈನ್ ಲೆಕ್ಕಕ್ಕೆ ಬರಬೇಕಾದ್ದು 4.92, ಅವರ ಅಳತೆಗೆ ಬಂದದ್ದು 5.13. ಹತ್ತರಲ್ಲೊಂದು ಪಾಲು ಹೆಚ್ಚುಕಡಿಮೆ ಇರಬಹುದು ಎಂದು ಅವರೇ ಬರೆದುಕೊಂಡರು. ಕೆಲವೇ ವರ್ಷಗಳಲ್ಲಿ ಪೌಂಡ್ ಮತ್ತು ಜೋಸೆಫ್ ಸ್ನೈಡರ್ ಸೇರಿ ಅದನ್ನು ನೂರರಲ್ಲೊಂದು ಪಾಲಿಗೆ ತಂದರು. ಎಷ್ಟು ಗೊತ್ತು ಎನ್ನುವುದರ ಜೊತೆಗೆ ಎಷ್ಟರ ಮಟ್ಟಿಗೆ ಗೊತ್ತು ಎಂದೂ ಹೇಳುವ ಈ ಪದ್ಧತಿಯನ್ನು ನಾನು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದೆ.

ಆಮೇಲೂ ನಂಬದವರು ಇದ್ದರು. 1977ರ ಜೂನ್‌ನಲ್ಲಿ ಅಮೆರಿಕದವರು ಎನ್‌ಟಿಎಸ್-2 ಎಂಬ ಉಪಗ್ರಹ ಹಾರಿಸಿದರು. ಇಂದಿನ ಜಿಪಿಎಸ್‌ಗೆ ಅದು ಮುನ್ನುಡಿ. ಅದರೊಳಗೆ ಸೀಸಿಯಂ ಪರಮಾಣು ಗಡಿಯಾರ. ಎತ್ತರದಲ್ಲಿ ಅದು ಬೇಗ ಓಡುತ್ತದೆ, ಆದ್ದರಿಂದ ತಿದ್ದುಪಡಿ ಬೇಕು ಎಂದು ಕೆಲವರು. ನಿಜವಾಗಿಯೂ ಬೇಕೇ ಎಂದು ಕೆಲವರು. ಜಗಳ ಬೇಡವೆಂದು ತಿದ್ದುಪಡಿಯ ಉಪಕರಣ ಇಟ್ಟರು, ಆದರೆ ಅದನ್ನು ಆಫ್ ಮಾಡಿಯೇ ಕಳಿಸಿದರು. ಇಪ್ಪತ್ತು ದಿನ ನೋಡಿದರು. ಗಡಿಯಾರ ಲೆಕ್ಕಕ್ಕೆ ತೀರ ಹತ್ತಿರದಷ್ಟೇ ಮುಂದೆ ಓಡುತ್ತಿತ್ತು. ಆಮೇಲೆ ನೆಲದಿಂದ ಆಜ್ಞೆ ಕೊಟ್ಟು ತಿದ್ದುಪಡಿಯನ್ನು ಆನ್ ಮಾಡಿದರು.

ಜಿಪಿಎಸ್ ಉಪಗ್ರಹದ ಗಡಿಯಾರ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ ಹೋಗುತ್ತದೆ. ಎತ್ತರದಿಂದ 45 ಕೂಡುತ್ತದೆ, ವೇಗವಾಗಿ ಓಡುವುದರಿಂದ 7 ಕಳೆಯುತ್ತದೆ. ಒಂದು ಮೈಕ್ರೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು. ಅಷ್ಟೇ ತಾನೇ ಅನ್ನಬೇಡಿ. 38 ಮೈಕ್ರೊಸೆಕೆಂಡಿನಲ್ಲಿ ಬೆಳಕು 11 ಕಿಲೋಮೀಟರ್ ದಾಟುತ್ತದೆ. ಬಾದಾಮಿಯಿಂದ ಬನಶಂಕರಿಗೆ ಹೋಗಿ ಬಂದಷ್ಟು ದೂರ.

ಈ ಲೆಕ್ಕ ಈಗ ನಮ್ಮ ರಾಜ್ಯದಲ್ಲೂ ದಿನಾ ನಡೆಯುತ್ತದೆ. ನಮ್ಮದೇ ದೇಶದ ದಾರಿ ತೋರುವ ಉಪಗ್ರಹ ವ್ಯವಸ್ಥೆಯ ಹೆಸರು ನಾವಿಕ್. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೋದ ನ್ಯಾವಿಗೇಶನ್ ಕೇಂದ್ರ 2013ರಿಂದ ಇದೆ. ಹಾಸನದಲ್ಲಿ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರವಿದೆ. ನಾವಿಕ್ ಉಪಗ್ರಹಗಳು ಜಿಪಿಎಸ್‌ಗಿಂತ ಮೇಲೆ, ನೆಲದಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿ ದಿನಕ್ಕೆ ಸುಮಾರು 46 ಮೈಕ್ರೊಸೆಕೆಂಡ್ ವ್ಯತ್ಯಾಸ ಬರುತ್ತದೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ನಮ್ಮವರೇ ತಯಾರಿಸಿದ ರುಬಿಡಿಯಂ ಪರಮಾಣು ಗಡಿಯಾರವೂ ಇತ್ತು.

ಗುರುತ್ವ ಇನ್ನೂ ವಿಪರೀತವಾದರೆ? ಆ ಪ್ರಶ್ನೆಯ ಬೆನ್ನು ಹತ್ತಿದವರು 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ. ಕಪ್ಪುಕುಳಿಯ ಅಂಚಿಗೆ ಹತ್ತಿರವಾದಷ್ಟೂ ಅಲ್ಲಿಂದ ಹೊರಟ ಬೆಳಕು ದೂರದವರಿಗೆ ಇನ್ನಷ್ಟು, ಇನ್ನಷ್ಟು ಕೆಂಪಾಗುತ್ತ ಹೋಗುತ್ತದೆ, ಆವೃತ್ತಿ ಸೊನ್ನೆಯ ಕಡೆಗೆ ಇಳಿಯುತ್ತದೆ. ಬೆಳಕು ಹೀಗೆ ಪೂರ್ತಿ ಸೋಲುವ ಆ ಗಡಿಯ ಬಗ್ಗೆ ಅವರು 1960ರ ದಶಕದಲ್ಲಿ ಅಮೆರಿಕದಲ್ಲಿದ್ದಾಗ ಲೆಕ್ಕ ಮಾಡಿದರು. 1970ರಲ್ಲಿ, ಕಪ್ಪುಕುಳಿಗೆ ಪೆಟ್ಟು ಬಿದ್ದರೆ ಅದು ಗಂಟೆಯ ಹಾಗೆ ಮೊಳಗಿ ಅಡಗುತ್ತದೆ ಎಂದು ತೋರಿಸಿದರು. ಊರಿಗೆ ಮರಳಿದ ಮೇಲೆ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಮೊದಲ ನಿರ್ದೇಶಕರಾಗಿ ಸಾವಿರಾರು ಮಕ್ಕಳಿಗೆ ಆಕಾಶ ತೋರಿಸಿದರು.

ಇಷ್ಟೆಲ್ಲ ಓದಿ, ಹೇಳಿ ಆದ ಮೇಲೆ ಒಂದು ಶನಿವಾರ ತರಗತಿಯನ್ನು ಅಗಸ್ತ್ಯತೀರ್ಥದ ದಂಡೆಗೆ ಕರೆದುಕೊಂಡು ಹೋದೆ. ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಕಬ್ಬಿಣದ ನಟ್ಟು ತೂಗಿಬಿಟ್ಟು, ಬಡಗಣ ಕೋಟೆಯ ಬಂಡೆಯ ಎತ್ತರ ಅಳೆಯುವುದು ಕೆಲಸ. ಒಂದು ಗುಂಪಿನ ಕೋನಮಾಪಕವನ್ನು ಮಂಗ ಎತ್ತಿಕೊಂಡು ಹೋಯಿತು. ಉಳಿದ ಮೂರು ಗುಂಪಿಗೆ ಮೂರು ಉತ್ತರ ಬಂತು, ನಮ್ಮ ಮನೆಯ ಗಡಿಯಾರಗಳ ಹಾಗೆ. ಲೆಕ್ಕ ಸುಲಭವಾಗಲೆಂದು 50 ಮೀಟರ್ ಎತ್ತರದ ಒಂದು ಜಾಗ ಹಿಡಿದುಕೊಂಡೆವು. ಸೂತ್ರ ಚಿಕ್ಕದು: ಗುರುತ್ವ ವೇಗೋತ್ಕರ್ಷವನ್ನು ಎತ್ತರದಿಂದ ಗುಣಿಸಿ, ಬೆಳಕಿನ ವೇಗದ ವರ್ಗದಿಂದ ಭಾಗಿಸಬೇಕು. 9.8ನ್ನು 50ರಿಂದ ಗುಣಿಸಿದರೆ 490. ಬೆಳಕಿನ ವೇಗ ಸೆಕೆಂಡಿಗೆ 30 ಕೋಟಿ ಮೀಟರ್, ಅದರ ವರ್ಗ 9ರ ಮುಂದೆ 16 ಸೊನ್ನೆ.

ಹುಡುಗಿ ಮೆಟ್ಟಿಲ ಮೇಲೆ ಕೂತು ಭಾಗಾಕಾರ ಮಾಡಿದಳು. ಮೇಲಿನ ಗಡಿಯಾರ ಕೆಳಗಿನದಕ್ಕಿಂತ ಒಂದು ಸೆಕೆಂಡ್ ಮುಂದೆ ಹೋಗಲು 58 ಲಕ್ಷ ವರ್ಷ ಬೇಕು!

ಆ ಕೋಟೆಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯ ಶಾಸನವಿದೆ. ಶಕ 465, ಅಂದರೆ ಕ್ರಿ.ಶ. 543. ಮೇಲಿನಿಂದಲೂ ಕೆಳಗಿನಿಂದಲೂ ಯಾರೂ ಗೆಲ್ಲಲಾಗದಂತೆ ವಾತಾಪಿಯ ಕೋಟೆ ಕಟ್ಟಿಸಿದ ಎಂಬುದು ಅದರ ಸಾರ. "ಹಂಗಾದ್ರ ಅವತ್ತ ಮ್ಯಾಲೊಂದು ಕೆಳಗೊಂದು ಗಡಿಯಾರ ಇಟ್ಟಿದ್ರ ಇವತ್ತಿಗೆ ಎಷ್ಟ ಫರಕ್ ಬರ್ತಿತ್ರಿ?" ಎಂದು ಒಬ್ಬ ಹುಡುಗ ಕೇಳಿದ. ಅದನ್ನೂ ಲೆಕ್ಕ ಹಾಕಿದೆವು. ಸಾವಿರದ ನಾನೂರ ಎಂಬತ್ತು ವರ್ಷಕ್ಕೆ ಒಂದು ಸೆಕೆಂಡಿನ ನಾಲ್ಕು ಸಾವಿರದಲ್ಲೊಂದು ಪಾಲು. ಚಾಲುಕ್ಯರು ಬಂದು ಹೋದರು, ಗುಹೆಗಳು ಕೊರೆಯಲ್ಪಟ್ಟವು, ಊರು ಎಷ್ಟೋ ಕೈ ಬದಲಾಯಿತು. ಅಷ್ಟು ಹೊತ್ತಿನಲ್ಲಿ ಬಂಡೆಯ ನೆತ್ತಿ ಬುಡಕ್ಕಿಂತ ಒಂದು ರೆಪ್ಪೆ ಬಡಿತದಷ್ಟೂ ಮುಂದೆ ಹೋಗಲಿಲ್ಲ.

"ಇಷ್ಟ ಸಣ್ಣದನ್ನ ಅಳೀಬಹುದೇನ್ರಿ ಅಕ್ಕೋರ, ಈಗ?"

ಅಳೆಯಬಹುದು ಎಂದೆ. 2010ರಲ್ಲಿ ಅಮೆರಿಕದ ಬೌಲ್ಡರ್ ಎಂಬ ಊರಿನ ಪ್ರಯೋಗಾಲಯದಲ್ಲಿ ಒಂದು ಗಡಿಯಾರವನ್ನು ಬರೀ 33 ಸೆಂಟಿಮೀಟರ್ ಎತ್ತಿದರು, ಎರಡು ಮೆಟ್ಟಿಲಿನಷ್ಟು. ವ್ಯತ್ಯಾಸ ಕಂಡಿತು. 2020ರಲ್ಲಿ ಜಪಾನಿನವರು ಟೋಕಿಯೊದ ಸ್ಕೈಟ್ರೀ ಗೋಪುರದಲ್ಲಿ 450 ಮೀಟರ್ ಎತ್ತರದಲ್ಲಿ ಅಳೆದರು. 2022ರಲ್ಲಿ ಅದೇ ಬೌಲ್ಡರ್‌ನಲ್ಲಿ ಒಂದೇ ಒಂದು ಮಿಲಿಮೀಟರ್ ಎತ್ತರದ ವ್ಯತ್ಯಾಸವನ್ನೂ ಹಿಡಿದರು. ಅವಳು ಬೆರಳ ತುದಿ ಎರಡನ್ನು ಹತ್ತಿರ ತಂದು ಒಂದು ಮಿಲಿಮೀಟರ್ ಎಷ್ಟು ಎಂದು ನೋಡಿಕೊಂಡಳು. ಆಮೇಲೆ ನೋಟ್‌ಬುಕ್ ತೆಗೆದು, ಅಂದು ತರಗತಿಯಲ್ಲಿ ಬರೆಯದೆ ಬಿಟ್ಟಿದ್ದ ವಾಕ್ಯವನ್ನು ಬರೆದಳು. ಅದರ ಮುಂದೆ ಯಾರು, ಯಾವ ವರ್ಷ, ಎಷ್ಟು ಎತ್ತರ ಎಂದೂ ಬರೆದಳು.

ಮೊನ್ನೆ ಹುಣ್ಣಿಮೆಗೆ ಬನಶಂಕರಿಗೆ ಹೋಗಿದ್ದೆ. ಗುಡಿಯ ಮುಂದೆ ಸಾಲಾಗಿ ಬುಟ್ಟಿ ಇಟ್ಟುಕೊಂಡ ಹೆಣ್ಣುಮಕ್ಕಳ ನಡುವಿನಿಂದ ಒಬ್ಬರು ಕೈಬೀಸಿ ಕರೆದರು. ನಮ್ಮ ಹುಡುಗಿಯ ತಾಯಿ. ಎರಡು ರೊಟ್ಟಿ, ಮೇಲೆ ಚಟ್ನಿ, ಮೊಸರು ಹಾಕಿ ಕೊಟ್ಟರು. ದುಡ್ಡು ಬೇಡ ಎಂದು ಜಗಳ ತೆಗೆದರು.

"ಅಕ್ಕೋರ, ನಮ್ಮಕಿ ಏನೇನೋ ಹೇಳತಾಳ್ರಿ. ಕೆಳಗ ಇದ್ದವರಿಗೆ ಹೊತ್ತು ಸಾವಕಾಶ ಹೋಗತೈತಂತ. ಖರೇ ಏನ್ರಿ?"

"ಖರೇ ಐತ್ರಿ."

"ಹಂಗಾದ್ರ ನೆಲದ ಮ್ಯಾಲ ಕುಂತ ರೊಟ್ಟಿ ಮಾರೋ ನಮಗ ವಯಸ್ಸ ತಡಾ ಆಗತೈತಿ ಅನ್ರಿ!"

ಪಕ್ಕದ ಬುಟ್ಟಿಯವರೆಲ್ಲ ನಕ್ಕರು. ನಾನೂ ನಕ್ಕು ಲೆಕ್ಕ ಹೇಳಿದೆ. ಒಂದು ಮೀಟರ್ ಕೆಳಗೆ ಎಪ್ಪತ್ತು ವರ್ಷ ಕುಳಿತರೆ ಉಳಿಯುವುದು ಒಂದು ಸೆಕೆಂಡಿನ 40 ಲಕ್ಷದಲ್ಲೊಂದು ಪಾಲು.

"ಅಷ್ಟs ಏನ್ರಿ?" ಎಂದು ಅವರು ಬುಟ್ಟಿಯ ಮೇಲಿನ ಬಟ್ಟೆ ಸರಿಮಾಡಿದರು. ಆಮೇಲೆ ದನಿ ತಗ್ಗಿಸಿ, "ಬಾಗಲಕೋಟ್ಯಾಗ ಪಿಯುಸಿ ಸೈನ್ಸ್‌ಗೆ ಹಚ್ಚೇವ್ರಿ. ಬಸ್ ಪಾಸ್ ಆಗೇತಿ. ಮನ್ಯಾಗ ಕುಂತ್ರ ಪ್ರಶ್ನೆ ಕೇಳಿ ಕೇಳಿ ನಮ್ಮ ತಲಿ ತಿಂತಾಳ. ಅಲ್ಲಿ ಯಾರರ ಉತ್ತರ ಹೇಳಲಿ" ಎಂದರು.